ಪರದೇಶಕ್ಕೆ ಹೊರಟ ಹಾಡು

ಹಾಡಿನಲ್ಲಿ ಪಂಥ ಕಟ್ಟುವುದು ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ಣಾಟಕದ ಹಳ್ಳಿಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದುರಾಗಿ ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವನು ದೊಡ್ಡವನೋ ಶಕ್ತಿಯು ದೊಡ್ಡವಳೋ ಎಂದು ವಾದಮಾಡಿ ಹಾಡುವುದನ್ನು ಕೇಳಿದವರು ಈಗಲೂ ಇದ್ದಾರೆ. ಅಲ್ಲಿ ಸೋಲು ಗೆಲವುಗಳನ್ನು ಮನಸ್ಸಿನಲ್ಲಿ ನಿರ್ಣಯಿಸತಕ್ಕವರು ನೆರೆದ ಜನರೇ. ಗೆದ್ದ ಹಾಡು ಆ ಸೀಮೆಯಲ್ಲಿಯೇ ಉಳಿಯುವುದು. ಹೆಚ್ಚೆಂದರೆ ಮುಂದಿನ ಜಾತ್ರೆಗೆ ಹೋಗುವುದು. ಒಂದು ವೇಳೆ ಗೆದ್ದ ಹಾಡನ್ನು ಇಡೀ ನಾಡಿನ ಹೆಸರಿನಲ್ಲಿ ಪರದೇಶಕ್ಕೆ ಕಳುಹಿಸಬೇಕೆಂಬ ನಿಯಮವಿದ್ದರೆ, ಆ ಜನರು ಅದೇ ಹಾಡನ್ನು ಆರಿಸುತ್ತಿದ್ದರೋ, ಇಲ್ಲವೆ ಅಲ್ಲಿ ಕೇಳುವವರ ರುಚಿಯನ್ನು ನೆನೆದು ಬೇರೊಂದನ್ನು ಆರಿಸುತ್ತಿದ್ದರೋ? ಯೂರೋಪಿನ ಅನೇಕ ದೇಶಗಳ ಮುಂದೆ ಈ ಪ್ರಶ್ನೆಯು ಪ್ರತಿ ವರ್ಷವೂ ಬಂದು ನಿಲ್ಲುತ್ತದೆ.

ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆಯು ೧೯೫೬ನೆಯ ಮೇ ೨೪ರಂದು ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣದಲ್ಲಿ ಮೊದಲಾಯಿತು. ಅಂದು ಬಂದ ದೇಶಗಳು ಏಳು. ದೇಶಕ್ಕೆ ಎರಡೆರಡು ಹಾಡು. ಆತಿಥೇಯ ದೇಶದ ಲೀಸ್ ಅಸಿಯಾ ಎಂಬಾಕೆ ಗೆದ್ದರು. ಅದಕ್ಕೆ ಮೇಲ್ಪಂಕ್ತಿಯಾದುದು ಇಟಲಿಯ ಸಾನ್‌ರೆಮೊ ಎಂಬ ಕಡಲತಡಿಯ ಊರಿನಲ್ಲಿ ೧೯೫೧ರಲ್ಲಿ ಪ್ರಾರಂಭವಾದ ಹಾಡಿನ ಉತ್ಸವ. ಸಾಂಕ್ರಾಮಿಕ ರೋಗದಿಂದ ನಿಂತುಹೋದ ೨೦೨೦ನೆಯ ವರ್ಷವೊಂದನ್ನುಳಿದರೆ ಯೂರೋವಿಷನ್ ತಪ್ಪದೆ ನಡೆದುಬಂದಿದೆ. ಕೆಲವು ದೇಶಗಳಲ್ಲಿ ಪ್ರಸಾರಸಂಸ್ಥೆಯವರೇ ಒಳಗೊಳಗೆ ಕುಳಿತು ಹಾಡನ್ನು ಗೊತ್ತುಮಾಡುವರು. ಇಟಲಿ, ಸ್ವೀಡನ್, ಪೋರ್ಚುಗಲ್ ಮೊದಲಾದ ದೇಶಗಳು ಮಾತ್ರ ತಮ್ಮ ಜನರ ಮುಂದೆ ಬಹಿರಂಗವಾಗಿ ಸ್ಪರ್ಧೆ ನಡೆಸಿ ಆರಿಸುವುವು. ಈ ದೇಶೀಯ ಸ್ಪರ್ಧೆಗಳಲ್ಲಿ ಹೆಚ್ಚಿನವು ಸಂಕ್ರಾಂತಿ ಕಳೆದು ಹೋಳಿಹುಣ್ಣಿಮೆ ಬರುವುದರೊಳಗೆ ಮುಗಿದುಹೋಗುತ್ತವೆ. ಜಗತ್ತು ನೋಡುವುದು ಮೇ ತಿಂಗಳ ಒಂದು ರಾತ್ರಿಯನ್ನು. ಆದರೆ ನಾಡುಗಳ ಮನಸ್ಸು ಬಯಲಾಗುವುದು ಅದಕ್ಕೆ ಹಿಂದಿನ ಈ ಚಳಿಗಾಲದ ರಾತ್ರಿಗಳಲ್ಲಿ.

ಇಂಥ ರಾತ್ರಿಗಳನ್ನು ಎಚ್ಚರವಿದ್ದು ಕಳೆಯುವ ಮನೆಯೊಂದು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ಉಪನಗರದಲ್ಲಿದೆ. ಮನೆಯ ಯಜಮಾನರು ಅಲ್ಲಿನ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ರಾಮನವಮಿಯ ಕಚೇರಿಗಳನ್ನು ಬಿಡದೆ ಕೇಳಿದವರು, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಹೊತ್ತಿಗೆ ಊಟವನ್ನು ಮುಂದಕ್ಕೆ ಹಾಕುತ್ತಿದ್ದವರು. ಅವರ ಮಗನು ಸ್ಟಾಕ್‌ಹೋಮಿನಲ್ಲಿ ಇಂಜಿನಿಯರು. ಮೊಮ್ಮಗಳಿಗೆ ೨೦೨೫ರಲ್ಲಿ ಎಂಟು ವರ್ಷ. ಆ ಮಗುವು ಅಲ್ಲಿಯೇ ಹುಟ್ಟಿದುದು. ಭಾನುವಾರ ಭಾನುವಾರ ಮೊಬೈಲಿನ ಪರದೆಯಲ್ಲಿ ಮುಖ ಕಾಣುವುದು. ಊಟವಾಯಿತೇ ಎಂದರೆ “ಆಯ್ತು”. ಶಾಲೆ ಹೇಗಿದೆ ಎಂದರೆ “ಚೆನ್ನಾಗಿದೆ”. ಅಲ್ಲಿಗೆ ಮಾತು ಮುಗಿಯುವುದು. ಕನ್ನಡ ಬಾರದೆಂದಲ್ಲ; ಕನ್ನಡದಲ್ಲಿ ಹೇಳಲೇಬೇಕಾದ ವಿಷಯವು ಆ ಮಗುವಿಗೆ ಯಾವುದೂ ಇರಲಿಲ್ಲ. ಇದನ್ನು ಅಜ್ಜಿ ತಾತಂದಿರಿಬ್ಬರೂ ಕಂಡುಕೊಂಡಿದ್ದರು, ಒಬ್ಬರಿಗೊಬ್ಬರು ಆಡಿರಲಿಲ್ಲ.

ಒಂದು ಚಳಿಗಾಲದಲ್ಲಿ ಮಗುವು ತಾನಾಗಿ ಒಂದು ಸುದ್ದಿ ತಂದಿತು. ಸ್ವೀಡನ್ನಿನಲ್ಲಿ ೧೯೫೯ರಿಂದ ನಡೆದುಬಂದಿರುವ ಮೆಲೊಡಿಫೆಸ್ಟಿವಾಲೆನ್ ಎಂಬ ಸ್ಪರ್ಧೆಯಲ್ಲಿ ಅದೂ ಮತ ಹಾಕಿತ್ತಂತೆ. ತಾತನು ಇದನ್ನು ಮಕ್ಕಳ ಆಟವೆಂದೇ ಎಣಿಸಿದರು. ಆಮೇಲೆ ವಿಚಾರಿಸಲಾಗಿ ನಿಜವೆಂದು ತಿಳಿಯಿತು. ೨೦೧೯ರಿಂದ ಅಲ್ಲಿ ಮೊಬೈಲಿನ ಮೂಲಕ ಬರುವ ಮತಗಳನ್ನು ವಯಸ್ಸಿನ ಪ್ರಕಾರ ಏಳು ಗುಂಪುಗಳಾಗಿ ವಿಂಗಡಿಸುವರು. ಮೂರರಿಂದ ಒಂಬತ್ತು ವರ್ಷದ ಮಕ್ಕಳದೊಂದು ಗುಂಪು. ಎಪ್ಪತ್ತೈದು ದಾಟಿದ ವೃದ್ಧರದೊಂದು ಗುಂಪು. ಎರಡಕ್ಕೂ ತೂಕ ಸಮ. ದೂರವಾಣಿಯ ಮತಗಳದು ಎಂಟನೆಯ ಗುಂಪು. ಇಷ್ಟು ಚೊಕ್ಕಟವಾದ ಲೆಕ್ಕವು ಗಾಲಿ ಕಾರ್ಖಾನೆಯ ಹಳೆಯ ಲೆಕ್ಕಿಗರ ಮನಸ್ಸನ್ನು ಸೆಳೆಯದಿರುವುದು ಹೇಗೆ? ಅಂದಿನಿಂದ ಅವರೂ ನೋಡತೊಡಗಿದರು. ಅಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯೆಂದರೆ ಇಲ್ಲಿ ಹನ್ನೆರಡೂವರೆ. ಮನೆಯಾಕೆಯು ಮೊದಲೆರಡು ವಾರ, “ಈ ವಯಸ್ಸಿನಲ್ಲಿ ಇದೇನು ಜಾಗರಣೆ, ರೀ?” ಎಂದರು, ಮೂರನೆಯ ವಾರ ತಾವೂ ಶಾಲು ಹೊದ್ದು ಬಂದು ಕುಳಿತರು.

ಆರ್. ಟಿ. ನಗರದಿಂದ ಬರುವ ಹಳೆಯ ಸ್ನೇಹಿತರೊಬ್ಬರು ಹೆಬ್ಬಾಳದ ಕೆರೆಯ ಬಳಿ ನಡೆದಾಡುವಾಗ ಇವರನ್ನು ಹಾಸ್ಯಮಾಡುವುದುಂಟು: “ಅಲ್ಲ ಸ್ವಾಮಿ, ನಮ್ಮ ದೇಶವೇ ಇಲ್ಲದ ಪಂದ್ಯ, ನಮಗೆ ಬಾರದ ಭಾಷೆ. ನಿಮಗೆ ಅದರಲ್ಲಿ ಬರತಕ್ಕದ್ದೇನು?” ಆಕ್ಷೇಪವು ಯುಕ್ತವೇ. ಆದರೆ ತಮ್ಮವರಿಲ್ಲದ ಪಂದ್ಯದಲ್ಲಿ ಒಂದು ನಿಷ್ಪಕ್ಷಪಾತವಾದ ಸುಖವಿದೆ. ಅಲ್ಲಿ ಗೆಲವಿನ ಹಂಬಲವು ಕಣ್ಣಿಗೆ ಪೊರೆ ಕಟ್ಟುವುದಿಲ್ಲ. ಒಂದು ಜನಾಂಗವು ತನ್ನನ್ನು ತಾನು ಹೇಗೆ ಕಾಣುತ್ತದೆ, ಹೊರಗಿನವರಿಗೆ ಹೇಗೆ ಕಾಣಬೇಕೆಂದು ಬಯಸುತ್ತದೆ ಎಂಬ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಹಿಂದಿನ ವರ್ಷಗಳ ಕಥೆಗಳನ್ನು ಹುಡುಕಿ ಓದಿದ ಹಾಗೆಲ್ಲ ಯಲಹಂಕದ ಈ ಹಿರಿಯರಿಗೆ ಸೋತವರ ಮೇಲೆ ವಿಶ್ವಾಸ ಹೆಚ್ಚಾಯಿತು. ಇಟಲಿಯ ದೊಮೆನಿಕೊ ಮೊದುನ್ಯೊ ೧೯೫೮ರಲ್ಲಿ ಸಾನ್‌ರೆಮೊದಲ್ಲಿ ಗೆದ್ದ ಹಾಡನ್ನು ಯೂರೋವಿಷನ್ನಿಗೆ ಒಯ್ದು ಮೂರನೆಯ ಸ್ಥಾನ ಪಡೆದರು. ಅಂದು ಮೊದಲನೆಯದಾದ ಹಾಡನ್ನು ಇಂದು ಬಲ್ಲವರು ವಿರಳ. ಮೂರನೆಯದಾದ ಹಾಡು ‘ವೊಲಾರೆ’ ಎಂಬ ಹೆಸರಿನಿಂದ ಭೂಮಂಡಲವನ್ನೇ ಸುತ್ತಿತು. ಆಬಾ ಎಂಬ ಹೆಸರಿನಿಂದ ಮುಂದೆ ಪ್ರಖ್ಯಾತರಾದ ನಾಲ್ವರು ಸ್ವೀಡನ್ನಿನ ಗಾಯಕರನ್ನು ೧೯೭೩ರಲ್ಲಿ ಅವರ ನಾಡೇ ಆರಿಸಲಿಲ್ಲ. ತವರಿನ ಸ್ಪರ್ಧೆಯಲ್ಲಿ ಅವರಿಗೆ ದೊರೆತುದು ಮೂರನೆಯ ಸ್ಥಾನ. ಮರುವರ್ಷ ಮತ್ತೆ ಬಂದು ಗೆದ್ದು, ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಇಡೀ ಯೂರೋಪನ್ನು ಗೆದ್ದರು. ಪೋರ್ಚುಗಲ್ ದೇಶವು ೧೯೬೪ರಲ್ಲಿ ಮೊದಲ ಬಾರಿಗೆ ಹಾಡು ಕಳುಹಿಸಿದಾಗ ಒಂದು ಅಂಕವೂ ಬರಲಿಲ್ಲ. ಆಮೇಲೂ ಹೆಚ್ಚಾಗಿ ತನ್ನ ನುಡಿಯಲ್ಲಿಯೇ ಹಾಡಿಸುತ್ತ ಬಂದು, ೨೦೧೭ರಲ್ಲಿ ಕೀವ್ ನಗರದಲ್ಲಿ ಸಾಲ್ವಡೋರ್ ಸೊಬ್ರಾಲ್ ಎಂಬ ಯುವಕನಿಂದ, ಅವನ ಅಕ್ಕನು ರಚಿಸಿದ ಪೋರ್ಚುಗೀಸ್ ಹಾಡೊಂದರಿಂದ, ಮೊದಲ ಗೆಲವನ್ನು ಪಡೆಯಿತು. ಐವತ್ತಮೂರು ವರ್ಷಗಳ ತಾಳ್ಮೆ ಅದು.

ಇಲ್ಲಿ ನುಡಿಯ ಮಾತು ಬಂದಿತು. ಈ ಸ್ಪರ್ಧೆಯ ಮರ್ಮವಿರುವುದೂ ಅಲ್ಲಿಯೇ. ಪ್ರತಿಯೊಂದು ದೇಶವೂ ತನ್ನ ನುಡಿಯಲ್ಲಿಯೇ ಹಾಡಬೇಕೆಂಬ ಕಟ್ಟಳೆಯನ್ನು ೧೯೬೬ರಲ್ಲಿ ವಿಧಿಸಿದರು, ೧೯೭೩ರಲ್ಲಿ ಸಡಲಿಸಿದರು, ೧೯೭೭ರಲ್ಲಿ ಮತ್ತೆ ತಂದರು, ೧೯೯೯ರಲ್ಲಿ ಪೂರ್ತಿಯಾಗಿ ತೆಗೆದುಹಾಕಿದರು. ಆಬಾ ತಂಡದವರು ೧೯೭೪ರಲ್ಲಿ ತವರಿನಲ್ಲಿ ಸ್ವೀಡಿಷ್ ಭಾಷೆಯಲ್ಲಿ ಹಾಡಿದ ಹಾಡನ್ನೇ ಬ್ರೈಟನ್ನಿನಲ್ಲಿ ಇಂಗ್ಲಿಷಿನಲ್ಲಿ ಹಾಡಿದುದು ಈ ಸಡಿಲಿಕೆಯಿಂದ. ಕಟ್ಟಳೆ ಹೋದ ೧೯೯೯ರಲ್ಲಿಯೇ ಸ್ವೀಡನ್ ಇಂಗ್ಲಿಷಿಗೆ ತಿರುಗಿತು. ಆ ವರ್ಷವೇ ಗೆದ್ದಿತು. ಮುಂದೆ ೨೦೧೨, ೨೦೧೫, ೨೦೨೩ರಲ್ಲಿಯೂ ಇಂಗ್ಲಿಷ್ ಹಾಡುಗಳಿಂದಲೇ ಗೆದ್ದಿತು. ಆದುದರಿಂದ ಪರಭಾಷೆಯನ್ನು ಹಿಡಿದವರು ಅವಿವೇಕಿಗಳೆಂದು ಹೇಳುವಂತಿಲ್ಲ. ಪೇಟೆಗೆ ಹೋಗುವವನು ಪೇಟೆಯಲ್ಲಿ ಸಲ್ಲುವ ನಾಣ್ಯವನ್ನೇ ಒಯ್ಯುವನು. ಆದರೆ ೧೯೯೮ರ ತರುವಾಯ ಇಪ್ಪತ್ತಾರು ವರ್ಷ ಯೂರೋವಿಷನ್ನಿನಲ್ಲಿ ಸ್ವೀಡನ್ನಿನ ಹೆಸರಿನಿಂದ ಸ್ವೀಡಿಷ್ ಹಾಡೊಂದೂ ಕೇಳಿಬರಲಿಲ್ಲ. ಹಾಗೆ ಕೇಳಿಬರಬೇಕೆಂಬ ಆಸೆಯಾದರೂ ಆ ನಾಡಿಗೆ ಉಳಿದಿದೆಯೇ ಎಂದು ಹೊರಗಿನಿಂದ ನೋಡುವವರಿಗೆ ಸಂದೇಹ ಬರುವುದು ಸಹಜ.

ಸಂದೇಹಕ್ಕೆ ಉತ್ತರವು ೨೦೨೫ರಲ್ಲಿ ದೊರೆಯಿತು. ಆ ವರ್ಷ ಫೆಬ್ರವರಿ ೧೦ರಿಂದ ೧೪ರವರೆಗೆ ಯಲಹಂಕದ ವಾಯುಪಡೆಯ ನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನವಿದ್ದುದರಿಂದ ಹಗಲೆಲ್ಲ ಯುದ್ಧವಿಮಾನಗಳ ಅಬ್ಬರಕ್ಕೆ ಕಿಟಕಿಗಳು ನಡುಗುತ್ತಿದ್ದುವು. ಅದೇ ವಾರ ಸಾನ್‌ರೆಮೊದಲ್ಲಿ ಐದು ರಾತ್ರಿಗಳ ಉತ್ಸವ. ಸ್ವೀಡನ್ನಿನಲ್ಲಿಯಾದರೋ ಮೂವತ್ತು ಹಾಡುಗಳು ಶನಿವಾರಕ್ಕೊಂದು ಊರಿನಂತೆ ಸಂಚರಿಸುತ್ತಿದ್ದುವು. ಆ ಮೂವತ್ತರಲ್ಲಿ ಒಂದನ್ನು ಹಾಡಿದವರು ಸ್ವೀಡನ್ನಿನವರೇ ಅಲ್ಲ. ಕೆವಿನ್, ಆಕ್ಸೆಲ್, ಯಾಕೋಬ್ ಎಂಬ ಮೂವರು ಗೆಳೆಯರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಕಾಯ್ ಎಂದು ತಂಡಕ್ಕೆ ಹೆಸರಿಟ್ಟವರು. ಫಿನ್ಲೆಂಡಿನ ಪಶ್ಚಿಮಕ್ಕಿರುವ ವೊರೊ ಎಂಬ ಸಣ್ಣ ಊರಿನವರು. ಫಿನ್ಲೆಂಡು ೧೮೦೯ರವರೆಗೆ ಸ್ವೀಡನ್ನಿನ ರಾಜ್ಯಕ್ಕೆ ಸೇರಿತ್ತು. ಇಂದು ಆ ದೇಶದಲ್ಲಿ ಸ್ವೀಡಿಷ್ ತಾಯ್ನುಡಿಯಾಗಿರುವವರು ನೂರಕ್ಕೆ ಸುಮಾರು ಐದು ಜನ. ವೊರೊ ಸೀಮೆಯ ಆಡುಮಾತು ಸ್ಟಾಕ್‌ಹೋಮಿನವರಿಗೂ ಪೂರ್ತಿಯಾಗಿ ತಿಳಿಯತಕ್ಕದ್ದಲ್ಲ. ಅಂಥ ನುಡಿಯಲ್ಲಿ ಮೂವರೂ ಹಾಸ್ಯ ಬೆರೆಸಿ ಹಾಡಿದುದು ಬಿಸಿ ಹಬೆಯ ಸ್ನಾನದ ವಿಷಯವನ್ನು.

ಕನ್ನಡ ಓದುಗರಿಗೆ ಇದರ ಸ್ವಾರಸ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ೧೯೫೬ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಸೀಮೆಯು ಮಂಜೇಶ್ವರದ ಗೋವಿಂದ ಪೈಗಳನ್ನೂ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ಕೊಟ್ಟ ನೆಲ. ಆ ಕಡೆಯ ಹಳ್ಳಿಯ ಮೂವರು ಹುಡುಗರು ತಮ್ಮ ಮನೆಮಾತಿನ ಕನ್ನಡದಲ್ಲಿ ಅಭ್ಯಂಜನದ ಮೇಲೊಂದು ಹಾಡು ಕಟ್ಟಿ ತಂದರೆ, ಬೆಂಗಳೂರು, ಧಾರವಾಡ, ಮೈಸೂರುಗಳ ಜನರೆಲ್ಲ ಸೇರಿ “ಈ ಸಲ ಕನ್ನಡದ ಹೆಸರಿನಲ್ಲಿ ಹೋಗತಕ್ಕವರು ಇವರೇ” ಎಂದು ಆರಿಸಿದಂತೆ ಅದು. ಮಾರ್ಚ್ ೮ರ ರಾತ್ರಿ ಸ್ವೀಡನ್ ಹಾಗೆಯೇ ಆರಿಸಿತು. ೨೦೧೫ರಲ್ಲಿ ಯೂರೋಪನ್ನೇ ಗೆದ್ದಿದ್ದ ಮೋನ್ಸ್ ಸೆಲ್ಮರ್‌ಲೋವ್ ಎಂಬ ಪ್ರಸಿದ್ಧ ಗಾಯಕನು ಕೂಡ ಅಂದು ಎರಡನೆಯವನಾದನು.

ಆ ಫಲಿತಾಂಶಕ್ಕಿಂತ ಮುಂಚೆಯೇ ಯಲಹಂಕದ ಮನೆಯಲ್ಲಿ ಬೇರೊಂದು ಸಂಗತಿ ನಡೆದಿತ್ತು. ಮಗುವಿನ ಮತವು ಮೊದಲಿನಿಂದಲೂ ಈ ಮೂವರಿಗೇ. ಹಾಡಿನ ಅರ್ಥವೇನೆಂದು ತಾತನು ಕೇಳಿದರು. ಮಗುವು ಸ್ವೀಡಿಷಿನಲ್ಲಿ ಆರಂಭಿಸಿತು. “ನನಗೆ ಅದು ತಿಳಿಯದು, ಪುಟ್ಟೀ, ಕನ್ನಡದಲ್ಲಿ ಹೇಳು” ಎಂದರು. ಮಗುವು ತಡವರಿಸಿತು. ಒಂದು ಕೋಣೆ, ಮರದ ಗೋಡೆ, ಕಲ್ಲಿನ ಮೇಲೆ ನೀರು ಹಾಕಿದರೆ ಹೊಗೆ. ಹೊಗೆಯಲ್ಲ, ಹಬೆ ಎಂದು ಅಜ್ಜಿ ತಿದ್ದಿದರು. “ಹಬೆ” ಎಂದು ಮಗು ಎರಡು ಸಲ ಹೇಳಿಕೊಂಡಿತು. “ತುಂಬಾ ಸೆಕೆ, ಅಜ್ಜಿ. ಎಲ್ಲರೂ ಒಟ್ಟಿಗೆ ಕೂತ್ಕೋತಾರೆ. ಆಮೇಲೆ ಬೇಜಾರೆಲ್ಲ ಹೋಗುತ್ತೆ.” ಆಗ ಅಜ್ಜಿಯು ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬುವುದು, ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಕ್ಕಳು ಸಾಲಾಗಿ ನಡುಗುತ್ತ ಕುಳಿತಿರುವುದು, ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಳ್ಳುವುದು, ಎಲ್ಲವನ್ನೂ ಹೇಳಿದರು. ಆ ಭಾನುವಾರ ಮಾತು ಮುಕ್ಕಾಲು ಗಂಟೆ ನಡೆಯಿತು. ವೊರೊ ಎಂಬ ಊರಿನ ಮೂವರು ಹಾಸ್ಯಗಾರರು ಯಲಹಂಕದ ಅಜ್ಜಿಯ ಬಚ್ಚಲುಮನೆಯ ಬಾಗಿಲನ್ನು ತೆರೆದುಕೊಟ್ಟಂತಾಯಿತು.

ಮೇ ತಿಂಗಳಲ್ಲಿ ಮಗುವಿಗೆ ಒಂದು ಸಂಕಟ ಒದಗಿತು. ಯೂರೋವಿಷನ್ನಿನ ಕಟ್ಟಳೆಯಂತೆ ಯಾವ ದೇಶದವರೂ ತಮ್ಮ ದೇಶದ ಹಾಡಿಗೆ ಮತ ಹಾಕುವಂತಿಲ್ಲ. ಚಳಿಗಾಲವೆಲ್ಲ ತಾನು ಬೆಂಬಲಿಸಿದ ಹಾಡಿಗೆ ಕೊನೆಯ ರಾತ್ರಿ ತಾನೇ ಏನೂ ಮಾಡಲಾರೆನೆಂಬುದು ಎಂಟು ವರ್ಷದ ಮನಸ್ಸಿಗೆ ದೊಡ್ಡ ಅನ್ಯಾಯವಾಗಿ ತೋರಿತು. ಆದರೆ ೨೦೨೩ರಿಂದ ಇನ್ನೊಂದು ಏರ್ಪಾಡೂ ಇದೆ. ಸ್ಪರ್ಧೆಯಲ್ಲಿಲ್ಲದ ದೇಶಗಳವರು ಅಂತರ್ಜಾಲದ ಮೂಲಕ ಹಣ ಕೊಟ್ಟು ಮತ ಹಾಕಬಹುದು. ‘ಉಳಿದ ಜಗತ್ತು’ ಎಂಬ ಹೆಸರಿನಿಂದ ಆ ಮತಗಳನ್ನೆಲ್ಲ ಕೂಡಿಸಿ ಒಂದು ದೇಶದ ಮತದಂತೆ ಎಣಿಸುವರು. ಸ್ಟಾಕ್‌ಹೋಮಿಗೆ ಇಲ್ಲದ ಅಧಿಕಾರವು ಹೀಗೆ ಯಲಹಂಕಕ್ಕೆ ಇತ್ತು. ಈ ಸಂಗತಿಯನ್ನು ಕಂಡುಹಿಡಿದು ಮಗುವೇ ಕರೆ ಮಾಡಿತು. ಅದು ಭಾನುವಾರವಲ್ಲ, ತಂದೆತಾಯಿಗಳು ಹೇಳಿಕೊಟ್ಟುದೂ ಅಲ್ಲ. “ತಾತ, ನನಗೆ ಆಗಲ್ಲ. ನೀವು ಹಾಕ್ತೀರಾ, ನನಗೋಸ್ಕರ?” ಕನ್ನಡದಲ್ಲಿ ಹೇಳಲೇಬೇಕಾದ ವಿಷಯವೊಂದು ಕೊನೆಗೂ ಆ ಮಗುವಿಗೆ ದೊರಕಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮೇ ೧೭ರ ರಾತ್ರಿ ಅಂತಿಮ ಸ್ಪರ್ಧೆ. ಇಲ್ಲಿ ಆಗಲೇ ೧೮ನೆಯ ತಾರೀಖಿನ ಹನ್ನೆರಡೂವರೆ. ಒಬ್ಬರು ಇಪ್ಪತ್ತು ಮತಗಳವರೆಗೆ ಹಾಕಬಹುದಾಗಿತ್ತು. ಹಿರಿಯರು ಇಪ್ಪತ್ತನ್ನೂ ಹಾಕಿದರು. ತಗುಲಿದ ವೆಚ್ಚವನ್ನು ಮರುದಿನದ ತರಕಾರಿ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟರು. ನಸುಕಿನ ನಾಲ್ಕು ಗಂಟೆ ದಾಟಿ ಫಲಿತಾಂಶ ಬಂದಿತು. ಆಸ್ಟ್ರಿಯಾ ಗೆದ್ದಿತು, ಸ್ವೀಡನ್ನಿಗೆ ದೊರೆತುದು ನಾಲ್ಕನೆಯ ಸ್ಥಾನ. ನಿದ್ರೆ ತಡೆಯಲಾರದೆ ಮಲಗಿದ್ದ ಮಗುವು ಬೆಳಗ್ಗೆ ಎದ್ದು ಸುದ್ದಿ ತಿಳಿದು ಅತ್ತಿತಂತೆ. ತಾತನು ಮೂರನೆಯವನಾದ ಮೊದುನ್ಯೊವಿನ ಕಥೆ ಹೇಳಿದರು. ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅದು ಕೇಳಿದ ಪ್ರಶ್ನೆ ಬೇರೆ: “ತಾತ, ನಮ್ಮ ಊರಿಂದ ಯಾಕೆ ಯಾರೂ ಹೋಗಲ್ಲ?”

‘ನಮ್ಮ ಊರು’ ಎಂದು ಆ ಮಗುವು ಹೇಳಿದುದು ಯಲಹಂಕವನ್ನು. ಅಜ್ಜಿಯು ಪರದೆಯ ಮುಂದಿನಿಂದ ಎದ್ದು ಅಡಿಗೆಮನೆಗೆ ಹೋದರು. ತಾತನು ಭಾರತವು ಆ ಕೂಟದಲ್ಲಿಲ್ಲವೆಂದು ವಿವರಿಸಿದರು. ಅದು ನಿಜವಾದ ಉತ್ತರವೇ ಆದರೂ ಪೂರ್ಣವಾದುದಲ್ಲ. ಭಾರತದಿಂದಲೂ ಒಮ್ಮೆ ಒಬ್ಬನು ಹೀಗೆ ಹೋಗಿದ್ದನು. ಇಂಡಿಯನ್ ಐಡಲ್ ಸ್ಪರ್ಧೆಯಲ್ಲಿ ಜನರ ಮತದಿಂದ ಗೆದ್ದಿದ್ದ ಅಭಿಜೀತ್ ಸಾವಂತ್, ೨೦೦೭ರ ಕೊನೆಯಲ್ಲಿ ಜಕಾರ್ತ ನಗರದಲ್ಲಿ ಆರು ದೇಶಗಳ ವಿಜೇತರು ಕೂಡಿದ ಏಷ್ಯನ್ ಐಡಲ್‌ನಲ್ಲಿ ಭಾರತದ ಹೆಸರಿನಿಂದ ಹಾಡಿದನು. ಗೆದ್ದವನು ಸಿಂಗಪುರದ ಹ್ಯಾಡಿ ಮಿರ್ಜಾ. ಅದೇ ೨೦೦೭ರಲ್ಲಿ ಇಂಡಿಯನ್ ಐಡಲ್ ಗೆದ್ದ ಪ್ರಶಾಂತ ತಮಾಂಗ್ ಡಾರ್ಜಿಲಿಂಗಿನವನು, ನೇಪಾಳಿ ಮಾತಿನವನು, ಕಲ್ಕತ್ತೆಯ ಪೊಲೀಸು ಪಡೆಯಲ್ಲಿ ಕಾನ್‌ಸ್ಟೇಬಲ್ಲಾಗಿದ್ದವನು. ವೊರೊವಿನ ಮೂವರಂತೆ ಅವನೂ ಅಂಚಿನ ಸೀಮೆಯಿಂದ ಬಂದು ಜನರ ಮತವನ್ನು ಗೆದ್ದವನು.

ಹಾಗಾದರೆ ಕನ್ನಡದಿಂದ ಒಂದು ಹಾಡನ್ನು ಕಳುಹಿಸುವ ದಿನ ಬಂದರೆ ಏನಾದೀತು? ಯಲಹಂಕದ ಮನೆಯಲ್ಲಿ ಆ ವಾರವೆಲ್ಲ ಇದೇ ಚರ್ಚೆ. ಹಿರಿಯರು ಏಳು ವಯಸ್ಸಿನ ಗುಂಪುಗಳನ್ನು ಕಾಗದದ ಮೇಲೆ ಬರೆದು ಬೀದಿಯ ಮನೆಗಳನ್ನು ಹಂಚಿ ನೋಡಿದರು. ಮಲೆಯ ಮಹದೇಶ್ವರನ ಕಂಸಾಳೆಯವರಿಗೆ ಮತ ಬಿದ್ದೀತೇ? ಗೀಗೀ ಮೇಳಕ್ಕೆ? ಕುಂದಾಪುರದ ಕನ್ನಡದಲ್ಲಿ ಕಟ್ಟಿದ ಹಾಡಿಗೆ? “ಹೊರಗಿನವರಿಗೆ ಅರ್ಥವಾಗಬೇಕಲ್ಲ, ಹಿಂದಿಯೋ ಇಂಗ್ಲಿಷೋ ಎರಡು ಸಾಲು ಸೇರಿಸಿದರೆ ಒಳ್ಳೆಯದು” ಎನ್ನುವ ಮತವೂ ಬಾರದಿರದು. ಆರ್. ಟಿ. ನಗರದ ಸ್ನೇಹಿತರು ಹಾಗೆಯೇ ಅಂದರು. ಅವರು ಕನ್ನಡದ ಮೇಲೆ ಪ್ರೀತಿಯಿಲ್ಲದವರಲ್ಲ. ನಾಡಿನ ಹುಡುಗನು ಪರಸ್ಥಳದಲ್ಲಿ ಸೋಲಬಾರದೆಂಬ ಕಕ್ಕುಲತೆಯೇ ಅವರ ಬಾಯಿಂದ ಆ ಮಾತನ್ನು ಆಡಿಸಿದುದು. ಸ್ವೀಡನ್ನಿನವರೂ ಇಪ್ಪತ್ತಾರು ವರ್ಷ ಇದೇ ಕಕ್ಕುಲತೆಯಿಂದ ನಡೆದುಕೊಂಡರು.

ಮನೆಯಾಕೆಯು ಮಾತ್ರ ಈ ಚರ್ಚೆಗೆ ಬೆಲೆ ಕೊಡಲಿಲ್ಲ. ಆಕೆಗೆ ಬೇರೆ ಕೆಲಸವಿತ್ತು. ಬಚ್ಚಲು, ಹಂಡೆ, ಹಬೆ, ಸೀಗೆಪುಡಿ, ಹೀಗೆ ಮಗುವು ಕಲಿತ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಜೂನ್ ತಿಂಗಳ ಹೊತ್ತಿಗೆ ಮಾತುಗಳು ನಲವತ್ತು ದಾಟಿದ್ದುವು. ಬರುವ ದೀಪಾವಳಿಗೆ ಮಗನ ಸಂಸಾರವು ಬೆಂಗಳೂರಿಗೆ ಬರುವುದೆಂದು ಗೊತ್ತಾದಾಗ, ಅಟ್ಟದ ಮೇಲೆ ಹನ್ನೆರಡು ವರ್ಷದಿಂದ ಮಗುಚಿಟ್ಟಿದ್ದ ತಾಮ್ರದ ಹಂಡೆಯನ್ನು ಇಳಿಸಿ, ಕಲಾಯಿಗಾರನು ಎಲ್ಲಿ ಸಿಕ್ಕುವನೆಂದು ಯಶವಂತಪುರದ ಮಾರುಕಟ್ಟೆಯ ಕಡೆ ವಿಚಾರಿಸಿಕೊಂಡು ಬರಬೇಕೆಂದು ಯಜಮಾನರಿಗೆ ಹೇಳಿದರು.